ಆಲಿಕಲ್ಲು, ಬಿರುಗಾಳಿ, ಸುಂಟರಗಾಳಿ: ಕಂಡದ್ದನ್ನು ಸರಿಯಾಗಿ ದಾಖಲಿಸುವುದು ಹೇಗೆ?

ಬಿರುಗಾಳಿ ಹತ್ತು ನಿಮಿಷದಲ್ಲಿ ಬಂದು ಹೋಗಿಬಿಡುತ್ತದೆ. ಆಲಿಕಲ್ಲು ಸ್ವಲ್ಪ ಹೊತ್ತಿನಲ್ಲೇ ಕರಗಿ ನೀರಾಗುತ್ತದೆ. ಬಿದ್ದ ಮರವನ್ನು ಮಾರನೇ ದಿನ ಕಡಿದು ಸಾಗಿಸುತ್ತಾರೆ. ಆಮೇಲೆ ಉಳಿಯುವುದು ಯಾರಾದರೂ ಬರೆದಿಟ್ಟದ್ದು ಮಾತ್ರ.

ಹವಾಮಾನ ಕೇಂದ್ರಗಳಿವೆಯಲ್ಲ, ಅವರೇ ಬರೆದುಕೊಳ್ಳುತ್ತಾರೆ ಅಂತ ಅನಿಸಬಹುದು. ಬಿಸಿಲು, ಚಳಿ, ಮಳೆಯ ಮಟ್ಟಿಗೆ ಅದು ನಿಜ. ಆದರೆ ಆಲಿಕಲ್ಲು ಒಂದು ಬೀದಿಯಲ್ಲಿ ಬಿದ್ದು ಪಕ್ಕದ ಬೀದಿಯಲ್ಲಿ ಬೀಳದೇ ಹೋಗಬಹುದು. ಸುಂಟರಗಾಳಿಯ ಜಾಡು ಎಷ್ಟೋ ಸಲ ನೂರು ಮೀಟರ್ ಅಗಲವೂ ಇರುವುದಿಲ್ಲ. ಅದು ಸರಿಯಾಗಿ ಉಪಕರಣ ನೆಟ್ಟ ಜಾಗಕ್ಕೇ ಬರುವುದು ಬಹಳ ಅಪರೂಪ. ರೇಡಾರ್ ಇದೆ, ನಿಜ. ಆದರೆ ಭೂಮಿ ಗುಂಡಗಿದೆ, ರೇಡಾರ್‌ನ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೇರುತ್ತದೆ. ಅರ್ಧ ಡಿಗ್ರಿ ಕೋನದಲ್ಲಿ ಬಿಟ್ಟ ಕಿರಣ 100 ಕಿ.ಮೀ. ಆಚೆ ಹೋಗುವಷ್ಟರಲ್ಲಿ ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತದೆ. ಅದಕ್ಕೆ ಮೋಡದ ಹೊಟ್ಟೆ ಕಾಣುತ್ತದೆ, ನಿಮ್ಮ ಅಂಗಳದಲ್ಲಿ ಏನು ಬಿತ್ತು ಅನ್ನೋದು ಕಾಣುವುದಿಲ್ಲ. ಅದನ್ನು ನೋಡಿ ಹೇಳಬೇಕಾದವರು ನೀವೇ.

ಎಲ್ಲಕ್ಕಿಂತ ಮೊದಲು: ಅಳೆದದ್ದಾ, ಅಂದಾಜಾ, ಕೇಳಿದ್ದಾ?

ಈ ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನೀವು ಬರೆಯುವ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ಹೇಗೆ ಗೊತ್ತಾಯಿತು ಅನ್ನುವುದನ್ನೂ ಬರೆಯಿರಿ. ಸ್ಕೇಲ್ ಇಟ್ಟು ಅಳೆದದ್ದಾ? ಕಣ್ಣಂದಾಜಾ? ಪಕ್ಕದ ಮನೆಯವರು ಹೇಳಿದ್ದಾ? ಮೂರಕ್ಕೂ ಬೆಲೆ ಇದೆ, ಆದರೆ ಮೂರೂ ಒಂದೇ ಅಲ್ಲ. 'ಗಾಳಿ ಗಂಟೆಗೆ 97 ಕಿ.ಮೀ.' ಅಂತ ಸುಮ್ನೆ ಬರೆದರೆ ಓದುವವರು ಅದನ್ನು ಉಪಕರಣದ ಲೆಕ್ಕ ಅಂದುಕೊಳ್ಳುತ್ತಾರೆ. 'ಸುಮಾರು 90 ಇರಬಹುದು, ಕಣ್ಣಂದಾಜು' ಅಂದರೆ ಅದನ್ನು ಎಷ್ಟು ನಂಬಬೇಕು ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಅಮೆರಿಕದ ಹವಾಮಾನ ಇಲಾಖೆಯ ವರದಿಗಳಲ್ಲಿ ಅಳೆದ ಗಾಳಿಗೂ ಅಂದಾಜಿನ ಗಾಳಿಗೂ ಬೇರೆ ಬೇರೆ ಗುರುತೇ ಇದೆ.

ಹಂತ 1: ಒಳಗೇ ಇರಿ

ಗುಡುಗು ಕೇಳಿಸುತ್ತಿದೆ ಅಂದರೆ ಸಿಡಿಲು ಹೊಡೆಯುವಷ್ಟು ಹತ್ತಿರದಲ್ಲಿದ್ದೀರಿ ಅಂತಲೇ ಅರ್ಥ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ಬಯಲಿಗೆ ಹೋಗಬೇಡಿ. ಆಲಿಕಲ್ಲು ಬೀಳುತ್ತಿರುವಾಗ 'ಒಂದೇ ಒಂದು ಎತ್ತಿಕೊಂಡು ಬಂದೆ' ಅಂತ ಓಡುವವರಿದ್ದಾರೆ, ದಯವಿಟ್ಟು ಬೇಡ. 10 ಸೆಂ.ಮೀ.ಗಿಂತ ದಪ್ಪದ ಕಲ್ಲು ಗಂಟೆಗೆ 160 ಕಿ.ಮೀ. ವೇಗ ಮೀರಿ ಬೀಳಬಹುದು. ಚಿಕ್ಕ ಕಲ್ಲುಗಳ ನಡುವೆ ಒಂದು ದೊಡ್ಡದು ಯಾವಾಗ ಬರುತ್ತದೆ ಅನ್ನೋದು ಯಾರಿಗೂ ಗೊತ್ತಿರುವುದಿಲ್ಲ.

ದೂರದಲ್ಲಿ ಸುಂಟರಗಾಳಿ ಕಂಡರೆ ಅದು ಎಡಕ್ಕೂ ಸರಿಯುತ್ತಿಲ್ಲ, ಬಲಕ್ಕೂ ಸರಿಯುತ್ತಿಲ್ಲ, ನಿಂತಲ್ಲೇ ದಪ್ಪ ಆಗುತ್ತಿದೆ ಅನಿಸುತ್ತದಾ? ಹಾಗಾದರೆ ಅದು ನಿಮ್ಮ ಕಡೆಗೇ ಬರುತ್ತಿರಬಹುದು. ವಿಡಿಯೊ ಬಿಟ್ಟು ಗಟ್ಟಿ ಕಟ್ಟಡದ ಕೆಳಮಹಡಿಗೆ, ಕಿಟಕಿ ಇಲ್ಲದ ಒಳಕೋಣೆಗೆ ಹೋಗಿ.

ಹಂತ 2: ಯಾವಾಗ, ಎಲ್ಲಿ

ಕೇಳಲು ಸುಲಭ, ಆದರೆ ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ. ಬರೆಯಬೇಕಾದದ್ದು ಘಟನೆ ನಡೆದ ಸಮಯ, ನೀವು ಹವಾಮಾನ ಇಲಾಖೆಗೋ ಸ್ವಯಂಸೇವಕರ ಜಾಲಕ್ಕೋ ವರದಿ ಕಳಿಸಿದ ಸಮಯ ಅಲ್ಲ. ನಾನೂ ಮೊದಮೊದಲು ಇದೇ ತಪ್ಪು ಮಾಡುತ್ತಿದ್ದೆ, ಎಲ್ಲ ಮುಗಿದ ಮೇಲೆ ಕೂತು ಬರೆಯುವಾಗ ಗಡಿಯಾರ ನೋಡಿ ಆ ಸಮಯವನ್ನೇ ಹಾಕಿಬಿಡುತ್ತಿದ್ದೆ. ಇಪ್ಪತ್ತು ನಿಮಿಷದ ವ್ಯತ್ಯಾಸ ಏನು ಮಹಾ ಅನಿಸಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಗುಡುಗುಮೋಡ ಅಷ್ಟರಲ್ಲಿ 20 ಕಿ.ಮೀ. ದಾಟಿರುತ್ತದೆ. ನಿಮ್ಮ ವರದಿಯನ್ನು ರೇಡಾರ್ ಚಿತ್ರದ ಮೇಲಿಟ್ಟು ನೋಡುವವರಿಗೆ ಅಲ್ಲಿ ಮೋಡವೇ ಕಾಣುವುದಿಲ್ಲ. ಆಗ ನಿಜವಾದ ವರದಿಯೂ ಅನುಮಾನಕ್ಕೆ ಬೀಳುತ್ತದೆ.

ಆದ್ದರಿಂದ ಶುರುವಾದದ್ದು ಯಾವಾಗ, ನಿಂತದ್ದು ಯಾವಾಗ, ಎರಡನ್ನೂ ಬರೆಯಿರಿ. 24 ಗಂಟೆಯ ಲೆಕ್ಕ ಬಳಸಿದರೆ ಬೆಳಗ್ಗೆ-ಸಂಜೆಯ ಗೊಂದಲ ಇರುವುದಿಲ್ಲ. ಯಾವ ದೇಶದ ಸಮಯ ಅನ್ನುವುದೂ ಇರಲಿ. ಹವಾಮಾನದವರು ಎಲ್ಲ ದೇಶಕ್ಕೂ ಒಂದೇ ಆದ ವಿಶ್ವ ಸಮಯ (ಯುಟಿಸಿ) ಬಳಸುತ್ತಾರೆ, ದೇಶದಿಂದ ದೇಶಕ್ಕೆ ಹೋಲಿಸಲು ಅದು ಬೇಕೇಬೇಕು. ಫೋನಿನ ಗಡಿಯಾರ ತಾನೇ ಸರಿಹೋಗುತ್ತದೆ, ಗೋಡೆ ಗಡಿಯಾರವನ್ನು ನಂಬಬೇಡಿ.

ಜಾಗದ ವಿಷಯವೂ ಅಷ್ಟೇ. ಸುಂಟರಗಾಳಿ ನಿಮಗೆ ಕಂಡದ್ದು ಮಹಡಿಯಿಂದ, ಅದು ಇದ್ದದ್ದು ನಾಲ್ಕು ಕಿ.ಮೀ. ದೂರದಲ್ಲಿ. ಬೇಕಾದದ್ದು ಎರಡೂ: ನೀವು ನಿಂತ ಜಾಗ, ಅಲ್ಲಿಂದ ಅದು ಯಾವ ದಿಕ್ಕಿಗೆ, ಎಷ್ಟು ದೂರ. ಫೋನಿನ ನಕ್ಷೆಯಲ್ಲಿ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ-ರೇಖಾಂಶ ಸಿಗುತ್ತದೆ, ಅದನ್ನೇ ಬರೆದುಕೊಳ್ಳಿ. ಬರೀ ಊರಿನ ಹೆಸರು ಸಾಲುವುದಿಲ್ಲ.

ಹಂತ 3: ಆಲಿಕಲ್ಲು

ಪತ್ರಿಕೆಗಳಲ್ಲಿ 'ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು' ಅಂತ ಓದಿರುತ್ತೀರಿ. ಯಾವ ನಿಂಬೆಹಣ್ಣು? ಗೋಲಿ ಗಾತ್ರ ಅನ್ನುವುದು ಇನ್ನೂ ಕಷ್ಟ, ಗೋಲಿಗಳಲ್ಲೇ ಹತ್ತು ಗಾತ್ರ ಇವೆ. ಹೋಲಿಸಲೇಬೇಕಾದರೆ ಗಾತ್ರ ಗೊತ್ತಿರುವ ವಸ್ತುವಿಗೆ ಹೋಲಿಸಿ: ಗಾಲ್ಫ್ ಚೆಂಡು ಸುಮಾರು 4.3 ಸೆಂ.ಮೀ., ಟೆನಿಸ್ ಚೆಂಡು ಸುಮಾರು 6.6, ಕ್ರಿಕೆಟ್ ಚೆಂಡು ಸುಮಾರು 7.2. ಆದರೆ ಇದೂ ಕೊನೆಯ ದಾರಿ. ಅಮೆರಿಕದ ಹಳೆಯ ದಾಖಲೆಗಳನ್ನು ಗ್ರಾಫ್ ಮಾಡಿ ನೋಡಿದರೆ ನಾಣ್ಯದ ಗಾತ್ರಕ್ಕೆ ಒಂದು ಗುಡ್ಡ, ಗಾಲ್ಫ್ ಚೆಂಡಿನ ಗಾತ್ರಕ್ಕೆ ಇನ್ನೊಂದು ಗುಡ್ಡ, ನಡುವೆ ಬಹಳ ಕಡಿಮೆ. ಪ್ರಕೃತಿಯಲ್ಲಿ ಹಾಗೆ ಇರಲು ಸಾಧ್ಯವೇ ಇಲ್ಲ. ಅದು ಆಲಿಕಲ್ಲಿನ ಗ್ರಾಫ್ ಅಲ್ಲ, ಜನ ಹೋಲಿಸುವ ಅಭ್ಯಾಸದ ಗ್ರಾಫ್. ಇದನ್ನು ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ಬೇಜಾರಾಗಿತ್ತು. ಪ್ರತಿ ಮನೆಯಲ್ಲೂ ಒಂದು ಸ್ಕೇಲ್ ಇರುತ್ತದೆ, ಅಲ್ವಾ?

ಮಾಡಬೇಕಾದದ್ದು ಇಷ್ಟು. ಗುಡುಗು, ಕಲ್ಲು ಎರಡೂ ನಿಂತ ಮೇಲೆ, ಅಥವಾ ಮಾಡಿನ ಕೆಳಗೆ ಸುರಕ್ಷಿತವಾಗಿ ಕೈಗೆ ಸಿಗುವ ಕಡೆಯಿಂದ, ದೊಡ್ಡವು ಅಂತ ಕಾಣುವ ನಾಲ್ಕೈದನ್ನು ಎತ್ತಿಕೊಳ್ಳಿ. ಬರೀ ಕೈಯಲ್ಲಿ ಹಿಡಿದರೆ ಅಂಗೈಯ ಬಿಸಿಗೇ ಕರಗುತ್ತದೆ, ಕೈಗವಸು ಅಥವಾ ಪ್ಲಾಸ್ಟಿಕ್ ಚೀಲ ಬಳಸಿ. ಕಲ್ಲಿನ ಅತಿ ಉದ್ದದ ಭಾಗ ಅಳೆಯಿರಿ, ನಂತರ ಅದಕ್ಕೆ ಅಡ್ಡಲಾಗಿ ಇನ್ನೆರಡು ಅಳತೆ. ದೊಡ್ಡ ಕಲ್ಲುಗಳು ಗುಂಡಗಿರುವುದು ಕಡಿಮೆ, ಮುಳ್ಳುಮುಳ್ಳಾಗಿ, ಚಪ್ಪಟೆಯಾಗಿ ಇರುತ್ತವೆ. ವರ್ನಿಯರ್ ಕ್ಯಾಲಿಪರ್ ಇದ್ದರೆ ತುಂಬಾ ಒಳ್ಳೆಯದು. ಅಡುಗೆಮನೆ ತಕ್ಕಡಿ ಇದ್ದರೆ ತೂಕವನ್ನೂ ನೋಡಿ. ಯಾಕಂದರೆ ಗಾತ್ರವೇ ಬೇರೆ, ತೂಕವೇ ಬೇರೆ. ತೂಕದಲ್ಲಿ ಜಗತ್ತಿನ ದಾಖಲೆ ಬಾಂಗ್ಲಾದೇಶದ ಗೋಪಾಲ್‌ಗಂಜ್‌ನಲ್ಲಿ 1986ರ ಏಪ್ರಿಲ್ 14ರಂದು ಬಿದ್ದ 1.02 ಕೆ.ಜಿ. ಕಲ್ಲಿನದು. ಗಾತ್ರದಲ್ಲಿ ಹೆಸರಾದದ್ದು ಅಮೆರಿಕದ ದಕ್ಷಿಣ ಡಕೋಟಾದ ವಿವಿಯನ್‌ನಲ್ಲಿ 2010ರ ಜುಲೈ 23ರಂದು ಸಿಕ್ಕ ಕಲ್ಲು: ಅಗಲ 20.3 ಸೆಂ.ಮೀ., ತೂಕ ಸುಮಾರು 880 ಗ್ರಾಂ.

ಆ ವಿವಿಯನ್ ಕಲ್ಲಿನ ಕಥೆಯಲ್ಲೇ ನಮಗೆ ಬೇಕಾದ ಪಾಠ ಇದೆ. ಸಿಕ್ಕವರು ಅದನ್ನು ಫ್ರೀಜರ್‌ನಲ್ಲಿ ಇಟ್ಟರು, ಆದರೆ ಅದೇ ಬಿರುಗಾಳಿಯಿಂದ ಕರೆಂಟ್ ಹೋಗಿತ್ತು. ಅಧಿಕೃತವಾಗಿ ಅಳೆಯುವಷ್ಟರಲ್ಲಿ ಕಲ್ಲು ಸ್ವಲ್ಪ ಕರಗಿತ್ತು. ಬಿದ್ದಾಗ ಎಷ್ಟಿತ್ತು ಅನ್ನುವುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಅದಕ್ಕೇ ಮೊದಲು ಅಳೆಯಿರಿ, ಫೋಟೊ ತೆಗೆಯಿರಿ, ಆಮೇಲೆ ಗಾಳಿಯಾಡದ ಚೀಲದಲ್ಲಿ ಹಾಕಿ ಫ್ರೀಜರ್‌ಗೆ. ಚೀಲ ಬಿಗಿಯಾಗಿಲ್ಲದಿದ್ದರೆ ಫ್ರೀಜರ್ ಒಳಗೂ ಮಂಜುಗಡ್ಡೆ ನಿಧಾನವಾಗಿ ಆವಿಯಾಗಿ ಕಲ್ಲು ಚಿಕ್ಕದಾಗುತ್ತದೆ.

ಇನ್ನು ಕೆಲವು ಸಣ್ಣ ವಿಷಯಗಳು. ನೆಲದಲ್ಲಿ ಒಂದಕ್ಕೊಂದು ಅಂಟಿಕೊಂಡ ಕಲ್ಲುಗಳ ಮುದ್ದೆ ಒಂದು ಆಲಿಕಲ್ಲು ಅಲ್ಲ, ಮಾಡಿನ ದೋಣಿಯಲ್ಲಿ ಗಟ್ಟಿಯಾದ ಗಡ್ಡೆಯೂ ಅಲ್ಲ. ಅತಿ ದೊಡ್ಡದರ ಜೊತೆಗೆ 'ಹೆಚ್ಚಿನವು ಎಷ್ಟಿದ್ದವು' ಅನ್ನುವುದನ್ನೂ ಬರೆಯಿರಿ, ಬೆಳೆ ಹಾನಿ ಲೆಕ್ಕ ಹಾಕುವವರಿಗೆ ಅದೇ ಮುಖ್ಯ. ನೆಲ ಎಷ್ಟು ಮುಚ್ಚಿತ್ತು, ಗಟ್ಟಿ ಇದ್ದವಾ ಪುಡಿಯಾಗುತ್ತಿದ್ದವಾ, ಗಾಳಿಗೆ ಓರೆಯಾಗಿ ಬೀಳುತ್ತಿದ್ದವಾ, ಇದೆಲ್ಲ ಒಂದೊಂದು ಸಾಲು ಸಾಕು.

ಮನೆಯಲ್ಲಿ ಇಲ್ಲದಾಗ ಬಿದ್ದರೆ? ಅದಕ್ಕೆ ಒಂದು ಸರಳ ಸಾಧನ ಇದೆ, ಹೈಲ್ ಪ್ಯಾಡ್. ಗಟ್ಟಿ ಫೋಮ್ ಹಲಗೆ, ಸುಮಾರು ಒಂದು ಅಡಿ ಚೌಕ, ಮೇಲೆ ಅಲ್ಯೂಮಿನಿಯಂ ಹಾಳೆ ಸುತ್ತಿ ಬಯಲಿನಲ್ಲಿ ಮಟ್ಟಸವಾಗಿ ಬಿಗಿದಿಟ್ಟರೆ ಆಯಿತು. ಕಲ್ಲು ಬಿದ್ದ ಕಡೆಯೆಲ್ಲ ಕುಳಿ ಬೀಳುತ್ತದೆ. ಕುಳಿಯ ಅಗಲದಿಂದ ಗಾತ್ರ, ಎಣಿಕೆಯಿಂದ ಎಷ್ಟು ಬಿದ್ದವು, ಓರೆಯಿಂದ ಗಾಳಿಯ ದಿಕ್ಕು ತಿಳಿಯುತ್ತದೆ. 1998ರಲ್ಲಿ ಕೊಲರಾಡೋದಲ್ಲಿ ಶುರುವಾದ ಕೊಕೊರಾಸ್ ಅನ್ನುವ ಸ್ವಯಂಸೇವಕರ ಜಾಲ ಇಂಥ ಪ್ಯಾಡುಗಳನ್ನೇ ಬಳಸಿತು. ಒಂದು ವಿಷಯ ಮಾತ್ರ: ಪ್ರತಿ ಆಲಿಕಲ್ಲು ಮಳೆಯ ನಂತರ ಪ್ಯಾಡ್ ಬದಲಿಸಿ, ಹಿಂದೆ ದಿನಾಂಕ ಬರೆಯಿರಿ. ಎರಡು ಮಳೆಯ ಕುಳಿಗಳು ಬೆರೆತರೆ ಅದರಿಂದ ಏನೂ ಹೇಳಲು ಬರುವುದಿಲ್ಲ.

ಹಂತ 4: ಗಾಳಿ

ಗಾಳಿಯ ವೇಗವನ್ನು ಬರೀ ಮೈಯಿಂದ ಅಂದಾಜಿಸುವುದರಲ್ಲಿ ನಾವೆಲ್ಲರೂ ಸೋಲುತ್ತೇವೆ. ಸದ್ದು, ಮಳೆ, ಹೆದರಿಕೆ ಎಲ್ಲ ಸೇರಿ ನಿಜಕ್ಕಿಂತ ಜಾಸ್ತಿಯೇ ಹೇಳುತ್ತೇವೆ. ವರ್ಷಗಟ್ಟಲೆ ಅನುಭವ ಇದ್ದವರೂ ಹಾಗೇ.

ಉಪಕರಣ ಇದ್ದರೆ ಅದನ್ನು ಎಲ್ಲಿ ನೆಟ್ಟಿದ್ದೀರಿ ಅನ್ನುವುದೇ ಅರ್ಧ ಉತ್ತರ. ಜಗತ್ತಿನೆಲ್ಲೆಡೆ ಒಪ್ಪಿಕೊಂಡ ಕ್ರಮ ಅಂದರೆ ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರ, ಸುತ್ತಲಿನ ಮರ-ಕಟ್ಟಡ ತನ್ನ ಎತ್ತರದ ಹತ್ತು ಪಟ್ಟು ದೂರ ಇರಬೇಕು. ಮನೆಯ ಮೇಲೆ ಇದು ಆಗುವ ಮಾತಲ್ಲ, ಪರವಾಗಿಲ್ಲ. 'ಮಹಡಿಯ ಮೇಲೆ 6 ಮೀಟರ್, ಪಶ್ಚಿಮಕ್ಕೆ ಮರ ಅಡ್ಡ' ಅಂತ ಬರೆದರೆ ಆಯಿತು. ಇನ್ನೊಂದು: ಬೀಸು ಬೇರೆ, ಸರಾಸರಿ ಬೇರೆ. ಬೀಸು ಅಂದರೆ ಸಾಮಾನ್ಯವಾಗಿ 3 ಸೆಕೆಂಡಿನ ಗರಿಷ್ಠ, ಸರಾಸರಿ ಅಂದರೆ ಕೆಲವು ಕಡೆ 10 ನಿಮಿಷದ್ದು, ಕೆಲವು ಕಡೆ 2 ನಿಮಿಷದ್ದು. ನಿಮ್ಮ ಸಂಖ್ಯೆ ಯಾವುದು ಅಂತ ಹೇಳದಿದ್ದರೆ ಅದನ್ನು ಹೋಲಿಸಲು ಆಗುವುದಿಲ್ಲ. ಅಮೆರಿಕದಲ್ಲಿ ಗಂಟೆಗೆ 93 ಕಿ.ಮೀ. ಅಂದರೆ 50 ನಾಟ್ ಬೀಸು ಅಥವಾ 2.5 ಸೆಂ.ಮೀ. ಆಲಿಕಲ್ಲು ಬಂದರೆ ಅದು ತೀವ್ರ ಹವಾಮಾನ. ಆಲಿಕಲ್ಲಿನ ಈ ಗಡಿ 2010ರಲ್ಲಿ ದೇಶಕ್ಕೆಲ್ಲ ಬಂತು, ಅದಕ್ಕೂ ಮೊದಲು 1.9 ಇತ್ತು.

ವಿಚಿತ್ರ ಸಂಖ್ಯೆ ಬಂದರೆ ಅಳಿಸಬೇಡಿ. 1996ರ ಏಪ್ರಿಲ್ 10ರಂದು ಒಲಿವಿಯಾ ಚಂಡಮಾರುತದಲ್ಲಿ ಆಸ್ಟ್ರೇಲಿಯಾದ ಬ್ಯಾರೋ ದ್ವೀಪದ ಯಂತ್ರ ಗಂಟೆಗೆ 408 ಕಿ.ಮೀ. ಬೀಸು ತೋರಿಸಿತ್ತು. ಅಷ್ಟು ದೊಡ್ಡ ಸಂಖ್ಯೆಯನ್ನು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಯಂತ್ರದ ವಿವರ, ಸುತ್ತಲಿನ ಅಳತೆಗಳು ಉಳಿದಿದ್ದರಿಂದ ತಜ್ಞರು ಮತ್ತೆ ಕೂತು ಪರಿಶೀಲಿಸಿದರು, 2010ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ದಾಖಲೆ ಅಂತ ಒಪ್ಪಿತು. ಮೌಂಟ್ ವಾಷಿಂಗ್ಟನ್‌ನಲ್ಲಿ 1934ರಲ್ಲಿ ಅಳೆದ 372 ಕಿ.ಮೀ. ಅಲ್ಲಿಯವರೆಗೂ ಮೊದಲ ಸ್ಥಾನದಲ್ಲಿತ್ತು.

ಉಪಕರಣ ಇಲ್ಲದಿದ್ದರೆ? ಸಂಖ್ಯೆಯ ಆಸೆ ಬಿಡಿ, ಕಂಡದ್ದನ್ನು ಬರೆಯಿರಿ. 19ನೇ ಶತಮಾನದ ಶುರುವಿನಲ್ಲಿ ಹುಟ್ಟಿದ ಬೋಫರ್ಟ್ ಮಾಪನ ಇದೇ ಯೋಚನೆಯದು. ಇಡೀ ಮರ ಅಲ್ಲಾಡಿ, ಗಾಳಿಗೆದುರು ನಡೆಯಲು ಕಷ್ಟವಾದರೆ 7ನೇ ಮಟ್ಟ, ಗಂಟೆಗೆ 50ರಿಂದ 61 ಕಿ.ಮೀ. ಮರದ ಸಣ್ಣ ಕಡ್ಡಿಗಳು ಮುರಿದರೆ 8, ಅಂದರೆ 62ರಿಂದ 74. ಮರ ಬುಡಸಮೇತ ಕಿತ್ತರೆ 10, ಅಂದರೆ 89ರಿಂದ 102. ಆದರೆ 'ಮರ ಬಿತ್ತು' ಅಂತ ನಿಲ್ಲಿಸಬೇಡಿ. ಮುರಿದ ಕೊಂಬೆಯ ದಪ್ಪ ಎಷ್ಟು ಸೆಂ.ಮೀ.? ಹಸಿಯದ್ದಾ, ಒಳಗೆ ಗೆದ್ದಲು ತಿಂದು ಟೊಳ್ಳಾಗಿತ್ತಾ? ಎಲೆ ತುಂಬಿದ್ದವಾ? ನೆಲ ವಾರದ ಮಳೆಗೆ ನೆನೆದು ಮೆತ್ತಗಿತ್ತಾ? ಟೊಳ್ಳು ಮರ ಬೀಳಲು ದೊಡ್ಡ ಗಾಳಿ ಬೇಕಿಲ್ಲ.

ಹಂತ 5: ಅದು ನಿಜಕ್ಕೂ ಸುಂಟರಗಾಳಿಯಾ?

ಮೋಡದಿಂದ ಏನೋ ಜೋತು ಬಿದ್ದಂತೆ ಕಂಡ ಕೂಡಲೇ ಸುಂಟರಗಾಳಿ ಅಂತ ಬರೆಯಬೇಡಿ. ಎರಡು ಪ್ರಶ್ನೆ ಕೇಳಿಕೊಳ್ಳಿ. ಅದು ತಿರುಗುತ್ತಿದೆಯಾ? ನೆಲದಲ್ಲಿ ಧೂಳು, ಕಸ ಎದ್ದಿದೆಯಾ? ಚಿಂದಿ ಮೋಡಗಳು ಕೆಳಗಿಳಿದು ಸೊಂಡಿಲಿನ ಹಾಗೆ ಕಾಣುತ್ತವೆ, ಒಂದು ನಿಮಿಷ ಕಣ್ಣಿಟ್ಟು ನೋಡಿದರೆ ತಿರುಗುವುದಿಲ್ಲ ಅಂತ ಗೊತ್ತಾಗುತ್ತದೆ. ತಿರುಗುತ್ತಿದೆ, ಆದರೆ ನೆಲಕ್ಕೆ ತಾಕಿದ್ದು ಕಾಣಲಿಲ್ಲ ಅಂದರೆ ಆಲಿಕೆ ಮೋಡ (ಫನಲ್ ಕ್ಲೌಡ್) ಅಂತ ಬರೆಯಿರಿ. ಮೋಡದ ಕೊಳವೆ ಪೂರ್ತಿ ಕೆಳಗೆ ಬರದೆಯೂ ನೆಲದಲ್ಲಿ ಗಾಳಿ ತಿರುಗುತ್ತಿರಬಹುದು, ಆದ್ದರಿಂದ ಕಣ್ಣು ನೆಲದ ಕಡೆಗೂ ಇರಲಿ. ಗುಡ್ಡ ಅಡ್ಡ ಇದ್ದು ಬುಡ ಕಾಣದಿದ್ದರೆ ಅದನ್ನೂ ಹಾಗೆಯೇ ಬರೆಯಿರಿ.

ಹಂತ 6: ಹಾನಿಯ ಜಾಡು ಓದುವುದು

ಸುಂಟರಗಾಳಿಯ ಹೆಚ್ಚಿನ ದಾಖಲೆಗಳು ಹುಟ್ಟುವುದು ಮರುದಿನ, ಜಾಡು ಹಿಡಿದು ನಡೆದಾಗ. ಕರೆಂಟ್ ತಂತಿ, ಗ್ಯಾಸ್ ವಾಸನೆ, ಮೊಳೆ ನೋಡಿಕೊಂಡು ಹೋಗಿ, ಒಡೆದ ಮನೆಯೊಳಗೆ ಕಾಲಿಡಬೇಡಿ, ಮನೆಯವರ ಒಪ್ಪಿಗೆ ಇಲ್ಲದೆ ಫೋಟೊ ತೆಗೆಯಬೇಡಿ. ಅವರು ಎಲ್ಲ ಕಳೆದುಕೊಂಡು ನಿಂತಿರುತ್ತಾರೆ.

ಮೊದಲು ನೋಡಬೇಕಾದದ್ದು ಮರಗಳು ಯಾವ ಕಡೆಗೆ ಬಿದ್ದಿವೆ ಅನ್ನುವುದನ್ನು. ಫೋನಿನ ದಿಕ್ಸೂಚಿ ಇಟ್ಟು ಒಂದೊಂದೂ ಮರದ ತುದಿ ಎತ್ತ ಅಂತ ಬರೆದುಕೊಳ್ಳಿ, ಇಪ್ಪತ್ತು-ಮೂವತ್ತು ಮರ ಆದ ಮೇಲೆ ನಕ್ಷೆಯಲ್ಲಿ ಬಾಣ ಹಾಕಿ. ಬಾಣಗಳು ಒಂದು ಗೆರೆಯ ಕಡೆಗೆ ಎರಡೂ ಬದಿಯಿಂದ ಬಾಗಿ, ಒಂದರ ಮೇಲೊಂದು ಅಡ್ಡ ಬಿದ್ದಿದ್ದರೆ ಸುಂಟರಗಾಳಿ. ಎಲ್ಲ ಒಂದೇ ಕಡೆಗೆ, ಅಥವಾ ಬೀಸಣಿಗೆಯ ಹಾಗೆ ಹರಡಿಕೊಂಡಿದ್ದರೆ ಮೋಡದಿಂದ ಕೆಳಗೆ ಧುಮುಕಿ ಹರಡಿದ ಗಾಳಿ. ಈ ಹರಡುವ ಗುರುತನ್ನು ನಮಗೆ ಓದಲು ಕಲಿಸಿದವರು ಜಪಾನ್ ಮೂಲದ ಹವಾಮಾನ ವಿಜ್ಞಾನಿ ಟೆಡ್ ಫುಜಿಟಾ. 1945ರಲ್ಲಿ ಅಣುಬಾಂಬ್ ಬಿದ್ದ ನಾಗಸಾಕಿಗೆ ಹೋಗಿ ಮರಗಳು ನಕ್ಷತ್ರದಂತೆ ಸುತ್ತಲೂ ಬಿದ್ದದ್ದನ್ನು ಕಂಡಿದ್ದರು. ಮುಂದೆ ಅಮೆರಿಕದಲ್ಲಿ 1974ರ ಏಪ್ರಿಲ್ 3-4ರ 148 ಸುಂಟರಗಾಳಿಗಳ ಹಾನಿಯನ್ನು ವಿಮಾನದಿಂದ ನೋಡುವಾಗ ಅಂಥದ್ದೇ ಗುರುತು ಕಣ್ಣಿಗೆ ಬಿತ್ತು. ಒಂದು ಕಡೆ ಕಂಡದ್ದನ್ನು ಮೂವತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು ಇನ್ನೊಂದು ಕಡೆ ಗುರುತಿಸಿದ ಆ ಕಣ್ಣಿನ ಬಗ್ಗೆ ನನಗೆ ಬಹಳ ಗೌರವ.

ಸುಂಟರಗಾಳಿಯ ಬಲಕ್ಕೆ ದರ್ಜೆ ಕೊಡಲು 1971ರಲ್ಲಿ ಫುಜಿಟಾ ಕೊಟ್ಟ ಎಫ್ ಮಾಪನವನ್ನು ತಿದ್ದಿ 2007ರಿಂದ ಅಮೆರಿಕದಲ್ಲಿ ಇಎಫ್ ಮಾಪನ ಬಳಸುತ್ತಾರೆ. ಸೊನ್ನೆಯಿಂದ 5ರವರೆಗೆ. ಇಎಫ್0 ಅಂದರೆ ಗಂಟೆಗೆ 105ರಿಂದ 137 ಕಿ.ಮೀ., ಇಎಫ್5 ಅಂದರೆ 322 ಮೀರಿದ್ದು. ಮನೆ, ಶಾಲೆ, ಗೋಪುರ, ಮರ ಹೀಗೆ 28 ಬಗೆಯ ವಸ್ತುಗಳ ಪಟ್ಟಿ ಇದೆ, ಪ್ರತಿಯೊಂದಕ್ಕೂ ಎಷ್ಟು ಹಾನಿಯಾದರೆ ಎಷ್ಟು ಗಾಳಿ ಅನ್ನುವ ಮೆಟ್ಟಿಲುಗಳಿವೆ. ಹಾಗಾಗಿ ಇದು ಗಾಳಿಯ ಅಳತೆ ಅಲ್ಲ, ಹಾನಿಯಿಂದ ಹಿಂದಕ್ಕೆ ಹಾಕಿದ ಲೆಕ್ಕ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೆನೊ ಸುಂಟರಗಾಳಿ 4.2 ಕಿ.ಮೀ. ಅಗಲ ಇತ್ತು, ಸಂಚಾರಿ ರೇಡಾರ್‌ಗಳು ಇಎಫ್5 ಮಟ್ಟದ ಗಾಳಿ ಕಂಡಿದ್ದವು. ಆದರೆ ಅದು ಹೆಚ್ಚಾಗಿ ಹೊಲಗಳ ಮೇಲೆ ಸಾಗಿತ್ತು, ಒಡೆಯಲು ಗಟ್ಟಿ ಕಟ್ಟಡಗಳೇ ಇರಲಿಲ್ಲ, ದಾಖಲೆಯಲ್ಲಿ ಇಎಫ್3 ಅಂತ ಉಳಿಯಿತು. ನೀವು ಜಾಡಿನಲ್ಲಿ ನಡೆಯುವಾಗ ದರ್ಜೆ ಕೊಡಲು ಹೋಗಬೇಡಿ, ಅದಕ್ಕೆ ತರಬೇತಿ ಬೇಕು. ನೀವು ಕೊಡಬೇಕಾದದ್ದು ವಿವರ: ಮಾಡು ಪೂರ್ತಿ ಹೋಯಿತಾ, ಗೋಡೆ ಅಡಿಪಾಯಕ್ಕೆ ಬೋಲ್ಟ್ ಹಾಕಿ ಕಟ್ಟಿದ್ದಾ, ಒಳಗೋಡೆ ನಿಂತಿದೆಯಾ, ಜಾಡು ಎಲ್ಲಿಂದ ಎಲ್ಲಿಗೆ, ಅತಿ ಅಗಲ ಎಲ್ಲಿ.

ಫೋಟೊಗೆ ಒಂದೇ ಸಾಲು: ದೂರದಿಂದ ಒಂದು, ನಡುವಿನಿಂದ ಒಂದು, ಹತ್ತಿರದಿಂದ ಸ್ಕೇಲ್ ಇಟ್ಟು ಒಂದು. ಆಲಿಕಲ್ಲಿನ ಫೋಟೊ ಆದರೆ ಸ್ಕೇಲ್ ಅದರ ಪಕ್ಕದಲ್ಲೇ ಇರಲಿ, ಕ್ಯಾಮೆರಾ ನೇರ ಮೇಲಿನಿಂದ ಇರಲಿ. ಮೂಲ ಫೈಲ್ ಇಟ್ಟುಕೊಳ್ಳಿ, ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಸಮಯ-ಜಾಗದ ಮಾಹಿತಿ ಅಳಿಸಿಹೋಗಿರಬಹುದು.

ಹಂತ 7: ಬರೆಯುವುದು

ಎರಡು ದಾಖಲೆ ಪಕ್ಕಪಕ್ಕ ನೋಡಿ.

'ಸಂಜೆ ಭಾರಿ ಗಾಳಿ, ದೊಡ್ಡ ಆಲಿಕಲ್ಲು, ತುಂಬಾ ಹಾನಿ.'

'16:42ರಿಂದ 16:51. ಆಲಿಕಲ್ಲು, ಅತಿ ದೊಡ್ಡದು 3.1 ಸೆಂ.ಮೀ., ಮಾಡಿನ ಅಂಚಿನಿಂದ ಎತ್ತಿ ಕೂಡಲೇ ಸ್ಕೇಲ್‌ನಿಂದ ಅಳೆದದ್ದು. ಹೆಚ್ಚಿನವು 1ರಿಂದ 1.5, ಕಣ್ಣಂದಾಜು. ನೆಲ ಅರ್ಧ ಮುಚ್ಚಿತ್ತು. 16:45ಕ್ಕೆ ಪಶ್ಚಿಮದಿಂದ ಜೋರು ಗಾಳಿ, 12 ಸೆಂ.ಮೀ. ದಪ್ಪದ ಹಸಿ ಕೊಂಬೆ ಮುರಿಯಿತು. ಎರಡು ಮನೆಯ ಶೀಟ್ ಹಾರಿತು ಅಂತ ಪಕ್ಕದವರು ಹೇಳಿದ್ದು, ನಾನು ನೋಡಿಲ್ಲ.'

ಎರಡನೆಯದು ಬರೆಯಲು ಮೂರು ನಿಮಿಷ ಜಾಸ್ತಿ ಬೇಕು, ಅಷ್ಟೇ. 'ಭಾರಿ', 'ಭಯಂಕರ' ಅನ್ನುವ ಮಾತು ಒಂದೂ ಇಲ್ಲ, ಆದರೂ ಏನಾಯಿತು ಅಂತ ಪೂರ್ತಿ ಗೊತ್ತಾಗುತ್ತದೆ.

ಹಂತ 8: ಕಳಿಸಿದ ಮೇಲೆ

ಮೊದಲ ದಿನದ ವರದಿಗಳೆಲ್ಲ ತಾತ್ಕಾಲಿಕ. ಒಂದೇ ಸುಂಟರಗಾಳಿಯನ್ನು ಐದು ಕಡೆಯಿಂದ ಐದು ಜನ ಹೇಳಿದರೆ ಮೊದಲ ಪಟ್ಟಿಯಲ್ಲಿ ಐದು ಸಾಲು ಇರುತ್ತದೆ, ವಾರಗಳ ನಂತರ ಪರಿಶೀಲಿಸಿದ ಪಟ್ಟಿಯಲ್ಲಿ ಒಂದಾಗುತ್ತದೆ. ಹಾಗಾಗಿ 'ನಿನ್ನೆ 60 ಸುಂಟರಗಾಳಿ' ಅನ್ನುವ ಸುದ್ದಿಯನ್ನು ಕೊನೆಯ ಲೆಕ್ಕ ಅಂದುಕೊಳ್ಳಬೇಡಿ.

ಹಳೆಯ ದಾಖಲೆ ಓದುವಾಗಲೂ ಎಚ್ಚರ ಬೇಕು. ಅಮೆರಿಕದ ಸರಣಿಯಲ್ಲಿ ಸುಂಟರಗಾಳಿ 1950ರಿಂದ, ಆಲಿಕಲ್ಲು ಮತ್ತು ಗಾಳಿ 1955ರಿಂದ ಸಿಗುತ್ತವೆ. 1970ರ ದಶಕಕ್ಕಿಂತ ಹಿಂದಿನ ಎಫ್ ದರ್ಜೆಗಳನ್ನು ಆಮೇಲೆ ಹಳೆಯ ಪತ್ರಿಕೆಗಳ ಸುದ್ದಿ ಓದಿ ಕೊಟ್ಟದ್ದು. ಜಾಡಿನ ಅಗಲ ಮೊದಲು ಸರಾಸರಿ, 1990ರ ದಶಕದ ನಡುವಿನಿಂದ ಗರಿಷ್ಠ. ಮೋಡದೊಳಗಿನ ಗಾಳಿಯ ಚಲನೆಯನ್ನೂ ತೋರಿಸುವ ಡಾಪ್ಲರ್ ರೇಡಾರ್ ಬಂದ ಮೇಲೆ, ಕೈಯಲ್ಲಿ ಕ್ಯಾಮೆರಾ ಬಂದ ಮೇಲೆ ಸಣ್ಣ ಸುಂಟರಗಾಳಿಗಳ ಎಣಿಕೆ ಏರಿತು. ಎಣಿಕೆ ಏರಿದ ಮಾತ್ರಕ್ಕೆ ಬಿರುಗಾಳಿಯೇ ಜಾಸ್ತಿಯಾಯಿತು ಅಂತ ಹೇಳಲು ಬರುವುದಿಲ್ಲ, ನೋಡುವ ಕಣ್ಣು ಜಾಸ್ತಿಯಾಗಿದ್ದೂ ಇರಬಹುದು. ನಕ್ಷೆಯಲ್ಲಿ ವರದಿಗಳು ಊರು, ಹೆದ್ದಾರಿಗಳ ಉದ್ದಕ್ಕೂ ಸಾಲುಗಟ್ಟಿರುವುದೂ ಅದಕ್ಕೇ.

ಆದ್ದರಿಂದಲೇ 'ಏನೂ ಆಗಲಿಲ್ಲ' ಅನ್ನುವ ವರದಿಗೂ ಬೆಲೆ ಇದೆ. ರೇಡಾರ್ ನಿಮ್ಮ ತಲೆಯ ಮೇಲೆ ದೊಡ್ಡ ಆಲಿಕಲ್ಲು ತೋರಿಸುತ್ತಿತ್ತು, ನಿಮ್ಮಲ್ಲಿ ಬಿದ್ದದ್ದು ಬರೀ ಮಳೆ. ಅದನ್ನು ಸಮಯದ ಜೊತೆ ಕಳಿಸಿ. ಸುಮ್ಮನಿದ್ದರೆ ಏನೂ ಬೀಳಲಿಲ್ಲವೋ, ನೋಡುವವರೇ ಇರಲಿಲ್ಲವೋ ಅಂತ ಯಾರಿಗೂ ತಿಳಿಯುವುದಿಲ್ಲ.

ಕಳಿಸಿದ್ದರಲ್ಲಿ ತಪ್ಪು ಕಂಡರೆ ಹಳೆಯದನ್ನು ಅಳಿಸಿ ಹೊಸದು ಬರೆಯಬೇಡಿ. ಕೆಳಗೆ ಇನ್ನೊಂದು ಸಾಲು ಸೇರಿಸಿ: ಇಂಥ ದಿನ ತಿದ್ದಿದ್ದು, ಮೊದಲು 17:10 ಅಂತ ಬರೆದಿದ್ದೆ, ಫೋಟೊದ ಸಮಯ ನೋಡಿದರೆ 16:45.